ಒಡ್ಯಾಣ ತೊಟ್ಟ ತೋಟಾ

ಬೇಟೆಯ ಕೋವಿಯನ್ನು ಹೇಳಿ ಮಾಡಿಸುವವರು ನಳಿಗೆಯ ಉದ್ದವನ್ನೂ ಮರದ ಅಂದವನ್ನೂ ಕುರಿತು ಬಹಳವಾಗಿ ಯೋಚಿಸುತ್ತಾರೆ. ತೋಟಾ ಕೂರುವ ಕೋಣೆಯ ಅಳತೆಯನ್ನು ಕುರಿತು ಯೋಚಿಸುವವರು ವಿರಳ. ಆ ಕೋಣೆ ಬಿಗಿಯಾದಷ್ಟೂ ಗುರಿ ಚೆನ್ನಾಗುವುದೆಂಬುದು ನಿಜವೇ. ಆದರೆ ಬಿಸಿಲಿಗೆ ಕಾದ ತೋಟಾ ಹಾರಿದ ಮೇಲೆ ಅಲ್ಲಿಯೇ ಕಚ್ಚಿಕೊಂಡರೆ, ಗಾಯಗೊಂಡ ಹುಲಿಯೆದುರು ಎರಡನೆಯ ಈಡಿಗೆ ಅವಕಾಶವೆಲ್ಲಿ?

ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು 1912ರಲ್ಲಿ .375 ಅಂಗುಲದ ಮ್ಯಾಗ್ನಂ ತೋಟಾವನ್ನು ಹೊರತಂದರು. ಅಂದಿನ ಮದ್ದಾದ ಕಾರ್ಡೈಟು ನೂಲಿನಂತಹ ಉದ್ದನೆಯ ಕಡ್ಡಿಗಳು. ಭಾರತ, ಆಫ್ರಿಕಗಳ ಸೆಕೆಯಲ್ಲಿ ಅದರ ಒತ್ತಡ ಏರುತ್ತಿದ್ದಿತು. ಆದುದರಿಂದ ಕೋಣೆ ನೀಳವಾಗಿ, ಮುಂದುಮುಂದಕ್ಕೆ ಕಿರಿದಾಗುತ್ತ ಹೋಯಿತು. ಅಂತಹ ಕೋಣೆಯಲ್ಲಿ ತೋಟಾ ತುಸು ಹಿಂದೆ ಸರಿದೊಡನೆ ಗೋಡೆಯನ್ನು ಬಿಡುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದ್ದಿತು. ಇಳಿಜಾರಾದ ಹೆಗಲು ತೋಟಾವನ್ನು ಒಂದೇ ನೆಲೆಯಲ್ಲಿ ದೃಢವಾಗಿ ತಡೆಯಲಾರದು; ತೋಟಾ ಮುಂದೆ ಜಾರಿ ಹಿಂದೆ ತೆರಪು ಹೆಚ್ಚಾದರೆ ಹಿತ್ತಾಳೆ ಹಿಗ್ಗಿ ಹರಿಯುವ ಭಯ. ಅದಕ್ಕೆಂದೇ ಬುಡದ ಬಳಿ ಒಂದು ಉಬ್ಬುಪಟ್ಟಿ. ನಾವು ಅದನ್ನು ಒಡ್ಯಾಣವೆನ್ನೋಣ.

ಇದೇ ವಂಶದ .300 ತೋಟಾ 1925ರಲ್ಲಿ ಬಂದಿತು. ಹತ್ತು ವರ್ಷಗಳ ತರುವಾಯ ಅಮೆರಿಕದ ಕ್ಯಾಂಪ್ ಪೆರಿಯಲ್ಲಿ ಬೆನ್ ಕಂಫರ್ಟ್ ಎಂಬಾತನು ಇದರಿಂದಲೇ 1000 ಗಜದ ವಿಂಬಲ್ಡನ್ ಕಪ್ಪನ್ನು ಗೆದ್ದನು. ಸೆಕೆಯ ನಾಡಿನ ಬೇಟೆಗೆ ಹೊಂದಿಸಿದ ಕೋಣೆ ದೂರದ ಗುರಿಗೆ ಒದಗದೆಂದವರಿಗೆ ಇಷ್ಟು ಉತ್ತರ ಸಾಕೆಂದು ನಮಗೆ ತೋರುತ್ತದೆ.

1963ರಲ್ಲಿ ವಿಂಚೆಸ್ಟರ್ ಸಂಸ್ಥೆಯ .300 ಮ್ಯಾಗ್ನಂ ಬಂದಾಗ ಕೋಣೆ ಗಿಡ್ಡವಾಯಿತು, ಹೆಗಲು ಕಡಿದಾಯಿತು. ಹೆಗಲೇ ತಡೆಯಬಲ್ಲದಾದರೂ ಒಡ್ಯಾಣ ಮಾತ್ರ ಉಳಿಯಿತು. ಆಭರಣಗಳ ಸ್ವಭಾವವೇ ಹಾಗೇನೋ! ಇಂದು ದೂರದ ಗುರಿಗಾಗಿ ತೋಟಾಗಳನ್ನು ತಾವೇ ತುಂಬಿಕೊಳ್ಳುವವರಲ್ಲಿ ಅನೇಕರು ಅಳತೆಯನ್ನು ಹೆಗಲಿನಿಂದಲೇ ಹಿಡಿಯುತ್ತಾರೆ.