ರಾಯಚೂರಿನ ಕೋಟೆಗೂ ಗೋವೆಯ ದ್ವೀಪಕ್ಕೂ

ನಮ್ಮ ರಾಯಚೂರು, ಮಾನ್ವಿ, ದೇವದುರ್ಗದ ಕಡೆಯಿಂದ ಗೋವೆಗೆ ಹೋಗುವವರು ಸಾಮಾನ್ಯವಾಗಿ ಕಡಲು ನೋಡುತ್ತಾರೆ, ದೊಡ್ಡ ಚರ್ಚುಗಳ ಮುಂದೆ ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಮೊದಲ ಸಲ ನಾವೂ ಹಾಗೆಯೇ ಮರಳಿದ್ದೆವು. ರಾಯಚೂರಿನ ಇತಿಹಾಸ ಓದಿಕೊಂಡು ಎರಡನೆಯ ಸಲ ಹೋದಾಗ ಆ ಊರು ಬೇರೆಯೇ ಆಗಿ ಕಂಡಿತು.

ಹಳೆಯ ಗೋವಾ ನಗರವಿರುವುದು ತಿಸ್ವಾಡಿ ಎಂಬ ದ್ವೀಪದಲ್ಲಿ. ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ, ಇವೆರಡನ್ನೂ ಕೂಡಿಸುವ ಕುಂಭಾರ್ಜುವಾ ಕಾಲುವೆ ಪೂರ್ವಕ್ಕೆ. ನಮ್ಮ ನಾಡೂ ಎರಡು ಹೊಳೆಗಳ ನಡುವಿನದೇ. ದೇವದುರ್ಗದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ. ದೋಆಬ್ ಎಂದು ಕರೆಸಿಕೊಂಡ ಈ ನೆಲಕ್ಕಾಗಿ ಬಹಮನಿಗಳು, ವಿಜಯನಗರದವರು, ಬಿಜಾಪುರದವರು ತಲೆಮಾರುಗಟ್ಟಲೆ ಬಡಿದಾಡಿದರು. ಆ ಬಡಿದಾಟದ ಒಂದು ಎಳೆ ಗೋವೆಯ ಬಂದರಿನಿಂದ ಹೊರಟಿತ್ತು.

ದ್ವೀಪದ ದಕ್ಷಿಣ ತುದಿಯಲ್ಲಿ ಗೋವಾ ವೆಲ್ಹಾ ಎಂಬ ಊರಿದೆ. ಜುವಾರಿ ದಂಡೆಯ ಈ ಭಾಗದಲ್ಲಿಯೇ ಗೋವೆಯ ಕದಂಬರ ಬಂದರು ರಾಜಧಾನಿ ಗೋಪಕಪಟ್ಟಣವಿತ್ತು. ಅವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಇಂದಿಗೂ ಗೋವೆಯ ಸರಕಾರಿ ಬಸ್ಸುಗಳ ಮೇಲಿರುವ ಹೆಸರು ಕದಂಬ. 11ನೇ ಶತಮಾನದಲ್ಲಿ ಒಂದನೆಯ ಜಯಕೇಶಿಯ ಆಡಳಿತದಲ್ಲಿ ಚಡಮ ಎಂಬ ಅರಬ್ ಮೂಲದ ಮುಸ್ಲಿಮನಿಗೆ ಉನ್ನತ ಅಧಿಕಾರವಿತ್ತು. ಅವನು ಕಟ್ಟಿಸಿದ ಮಸೀದಿಯನ್ನು ತಾಮ್ರಶಾಸನ 'ಮಿಜಿಗಿತಿ' ಎಂದು ಕರೆಯುತ್ತದೆ. ಅದರ ನಿರ್ವಹಣೆಗೆ ಬಂದರಿಗೆ ಬರುವ ಹಡಗುಗಳಿಂದ ಸುಂಕ ಗೊತ್ತುಮಾಡಲಾಗಿತ್ತು. ಹಿಂದೂ ಅರಸ, ಮುಸ್ಲಿಮ್ ಅಧಿಕಾರಿ, ಕಡಲ ವ್ಯಾಪಾರ. ಮೂರೂ ಒಂದೇ ಶಾಸನದಲ್ಲಿವೆ.

1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದ. ಅದು ಬಳಿಕ ಬಿಜಾಪುರದ ಆದಿಲ್ ಶಾಹಿಗಳ ಪಾಲಾಯಿತು. ಆ ಹೊತ್ತಿಗೆ ಮಾಂಡವಿ ದಂಡೆಯ ಏಳಾ ಎಂಬಲ್ಲಿ ಹೊಸ ಬಂದರು ಬೆಳೆದಿತ್ತು. ಅಲ್ಲಿಗೆ ಬರುತ್ತಿದ್ದ ಅತ್ಯಮೂಲ್ಯ ಸರಕೆಂದರೆ ಕುದುರೆ. ದಖ್ಖನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರೇಬಿಯಾ, ಪರ್ಶಿಯಾಗಳಿಂದ ಹುರ್ಮುಜ್ ಮಾರ್ಗವಾಗಿ ಹಡಗಿನಲ್ಲಿ ತರಬೇಕಿತ್ತು. ಕುದುರೆಯ ಬಂದರು ಕೈಯಲ್ಲಿದ್ದವನಿಗೆ ಒಳನಾಡಿನ ಅರಸರೆಲ್ಲ ಗಿರಾಕಿಗಳೇ.

1510ರಲ್ಲಿ ಆ ಬಂದರು ಪೋರ್ಚುಗೀಸರಿಗೆ ಹೋಯಿತು. ಅವರನ್ನು ಗೋವೆಗೆ ಕರೆದವರಲ್ಲಿ ಹೊನ್ನಾವರದ ತಿಮ್ಮಯ್ಯನೂ ಒಬ್ಬ. ವರ್ಷದ ಆರಂಭದಲ್ಲಿ ಗೆದ್ದು ಕಳೆದುಕೊಂಡಿದ್ದ ಅಲ್ಬುಕರ್ಕ್, ನವೆಂಬರ್ 25ರಂದು ಅದನ್ನು ಮತ್ತೆ ಹಿಡಿದ. ಬಳಿಕ ನಗರದ ಮುಸ್ಲಿಮರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ. ಸತ್ತವರು ಆರು ಸಾವಿರವೆಂದು ತನ್ನ ದೊರೆಗೆ ತಾನೇ ಬರೆದ. ಇಂದು ಸೇಂಟ್ ಕಜೆಟನ್ ಚರ್ಚಿನ ಬಳಿ ಒಂಟಿಯಾಗಿ ನಿಂತಿರುವ ಕರಿಕಲ್ಲಿನ ಬಾಗಿಲುವಾಡ ಆದಿಲ್ ಶಾಹಿ ಅರಮನೆಯದು. ಗೋಡೆಯಿಲ್ಲ, ಮಾಡಿಲ್ಲ. ಎರಡು ಕಂಬ, ಮೇಲೊಂದು ತೊಲೆ, ಬದಿಗಳಲ್ಲಿ ಕಲ್ಲಿನ ಜಾಲಂಧ್ರ ಅಷ್ಟೇ. ಪ್ರವಾಸಿಗರು ಅದನ್ನು ದಾಟಿ ಚರ್ಚಿಗೆ ನಡೆಯುತ್ತಾರೆ. ನಾವು ಅದರ ಕೆಳಗೆ ಬಹಳ ಹೊತ್ತು ನಿಂತೆವು.

ಈಗ ರಾಯಚೂರಿಗೆ ಬರೋಣ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ವಿಜಯನಗರದಲ್ಲಿದ್ದು ಬರೆದ ವೃತ್ತಾಂತ ಹೀಗಿದೆ: ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ ಸಿದಿ ಮರ್ಕಾರ್ ಎಂಬ ಮುಸ್ಲಿಮ್ ವ್ಯಾಪಾರಿಯ ಕೈಗೆ 40,000 ಪರ್ದಾವುಗಳನ್ನು ಕೊಟ್ಟು ಕಳಿಸಿದ. ಅವನು ಫೋಂಡಾದವರೆಗೆ ಹೋಗಿ ಹಣದೊಂದಿಗೆ ಆದಿಲ್ ಶಾಹನ ಬಳಿ ಸೇರಿಕೊಂಡ. ರಾಯ ಅವನನ್ನು ಒಪ್ಪಿಸೆಂದ, ಸುಲ್ತಾನ ಒಪ್ಪಲಿಲ್ಲ. 1520ರ ದಂಡಯಾತ್ರೆಗೆ ಇದೇ ನೆಪವಾಯಿತು. ನಿಜವಾದ ಕಾರಣ ದೋಆಬೇ ಆಗಿತ್ತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನೆಪದಲ್ಲೂ ಧರ್ಮವಿರಲಿಲ್ಲ, ಕುದುರೆಯ ಹಣವಿತ್ತು.

ಯುದ್ಧದಲ್ಲಿ ಯಾರು ಯಾರ ಕಡೆ ಇದ್ದರೆಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ರಾಯನ ಸೈನ್ಯದಲ್ಲಿ ಮುಸ್ಲಿಮರಿದ್ದರು. ವಿಜಯನಗರದಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲೇ ಮಸೀದಿ ಕಟ್ಟಿಸಿದ್ದ. ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಫಿಗೈರೆದೊ ಎಂಬಾತ ಇಪ್ಪತ್ತು ಮಂದಿ ಪೋರ್ಚುಗೀಸ್ ಬಂದೂಕುಧಾರಿಗಳೊಂದಿಗೆ ರಾಯನಿಗೆ ನೆರವಾದ. ಇಸ್ಮಾಯಿಲ್ ಆದಿಲ್ ಶಾಹನ ಸರದಾರ ಸಲಾಬತ್ ಖಾನನ ಬಳಿಯೂ ತಮ್ಮವರನ್ನು ಬಿಟ್ಟುಬಂದ ಪೋರ್ಚುಗೀಸರಿದ್ದರು. ಸುಲ್ತಾನ ಸೋತ ಹೊತ್ತಿನಲ್ಲೇ ಗೋವೆಯ ಪೋರ್ಚುಗೀಸರು ಎದುರು ದಡದ ಸೀಮೆಯನ್ನು ತಮ್ಮದಾಗಿಸಿಕೊಂಡರು. ಕೋಟೆ ಗೆದ್ದ ರಾಯ ಊರಿನವರಿಗೆ ಅಭಯ ಕೊಟ್ಟನೆಂದೂ ನೂನಿಜ್ ಹೇಳುತ್ತಾನೆ.

ರಾಯಚೂರಿನ ಏಕ್ ಮಿನಾರ್ ಮಸೀದಿ ಆಗ ಏಳು ವರ್ಷದ್ದು, 1513ರ ಕಟ್ಟಡ. ಅದು ಇಂದಿಗೂ ನಿಂತಿದೆ. ಕೋಟೆಯ ಗೋಡೆಯಲ್ಲಿ ಕಾಕತೀಯರ ಕಾಲದ, 1294ರ, ಸುಮಾರು 41 ಅಡಿ ಉದ್ದದ ಶಾಸನದ ಕಲ್ಲೂ ಇದೆ. ಗೆದ್ದವರು, ಸೋತವರು ಹಲವು ಸಲ ಬದಲಾದರೂ ಅವೆರಡೂ ಉಳಿದವು.

ಈಚೆಗೆ ರಾಯಚೂರಿನ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಹೇಳುವುದನ್ನು ನಾವು ಕೇಳುತ್ತೇವೆ. ಹಾಗೆ ಹೇಳಿ, ಐನೂರು ವರ್ಷದ ಹಿಂದಿನ ಲೆಕ್ಕವನ್ನು ಇಂದಿನ ನೆರೆಯವನ ಮೇಲೆ ಬರೆಯುವವರಿದ್ದಾರೆ. ನಮಗೆ ಇದು ನೋವಿನ ಸಂಗತಿ. ಆದರೆ ಅದೇ ತಪ್ಪನ್ನು ನಾವೂ ಮಾಡಬಾರದು. ಗೋವೆಯಲ್ಲಿ 1510ರಲ್ಲಿ ಹರಿದ ರಕ್ತಕ್ಕೆ ಅಲ್ಬುಕರ್ಕನೂ ಅವನ ಸೈನ್ಯವೂ ಹೊಣೆಯೇ ಹೊರತು, ಇಂದು ಚರ್ಚಿನ ಮುಂದೆ ಮೇಣದಬತ್ತಿ ಮಾರುವ ಮುದುಕಿಯಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಕುರ್‌ಆನ್ ನಮಗೆ ಕಲಿಸಿದೆ. ಆ ನ್ಯಾಯವನ್ನು ನಮಗಾಗಿ ಕೇಳುವವರು ಬೇರೆಯವರಿಗೂ ಕೊಡಬೇಕು.

ರಾಯಚೂರಿನ ಮಕ್ಕಳನ್ನು ಗೋವೆಗೆ ಕರೆದೊಯ್ಯುವವರು ಕಡಲನ್ನು ತೋರಿಸಲಿ, ಚರ್ಚುಗಳನ್ನೂ ತೋರಿಸಲಿ. ಜೊತೆಗೆ ಆ ಕರಿಕಲ್ಲಿನ ಬಾಗಿಲ ಕೆಳಗೆ ನಿಲ್ಲಿಸಿ, ನಮ್ಮ ಊರಿನ ಕೋಟೆಗೆ ಬಂದ ಕುದುರೆಗಳು ಈ ಬಂದರಿನಲ್ಲಿಯೇ ಇಳಿಯುತ್ತಿದ್ದವು ಎಂದು ಹೇಳಲಿ.