ಪಿತ್ತಕೋಶದ ಶಸ್ತ್ರಕ್ರಿಯೆ: ಬರ್ಲಿನ್ನಿನಿಂದ ಮುಂಬಯಿಗೆ

ಪಿತ್ತಕೋಶದಲ್ಲಿ ಹರಳುಗಳಾದರೆ ಕೋಶವನ್ನು ಸೀಳಿ ಅವನ್ನಷ್ಟೇ ತೆಗೆಯುವುದು ಮೊದಲಿನ ಪದ್ಧತಿ. 1867ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಜಾನ್ ಬಾಬ್ಸ್ ಮಾಡಿದುದೂ ಇದನ್ನೇ. ಆದರೆ ಹರಳು ಹುಟ್ಟುವ ಮನೆ ಉಳಿದೇ ಇತ್ತು. ಅದನ್ನೇ ತೆಗೆಯಬೇಕೆಂಬ ನಿರ್ಣಯಕ್ಕೆ ಬಂದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್. ಕುದುರೆ, ಆನೆಗಳಿಗೆ ಪಿತ್ತಕೋಶವೇ ಇಲ್ಲ. ಅವು ಸುಖವಾಗಿಯೇ ಬಾಳುತ್ತವಷ್ಟೆ! ಶವಗಳ ಮೇಲೆ ಬಹುಕಾಲ ಅಭ್ಯಾಸಮಾಡಿ, 1882ರ ಜುಲೈ 15ರಂದು, 16 ವರ್ಷ ನೋವುಂಡಿದ್ದ 43ರ ಪ್ರಾಯದ ರೋಗಿಯೊಬ್ಬನಲ್ಲಿ ಆತನು ಇದನ್ನು ನೆರವೇರಿಸಿದನು. ರೋಗಿ ಬದುಕಿಕೊಂಡನು.

ಮುಂದೆ ನೂರು ವರ್ಷ ಇದೇ ರಾಜಮಾರ್ಗ. ಬಲಪಕ್ಕೆಲುಬಿನ ಕೆಳಗೆ ಗೇಣುದ್ದದ ಗಾಯ, ಆಸ್ಪತ್ರೆಯಲ್ಲಿ ಸುಮಾರು ಒಂದು ವಾರ, ಬಳಿಕ ಮನೆಯಲ್ಲಿ ವಾರಗಟ್ಟಲೆ ವಿಶ್ರಾಂತಿ.

1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಎಂಬ ಚಿಕ್ಕ ಊರಿನಲ್ಲಿ ಎರಿಖ್ ಮ್ಯೂಹೆ ಎಂಬ ವೈದ್ಯರು, ಹೊಟ್ಟೆಯೊಳಗೆ ವಾಯು ತುಂಬಿ, ತಾವೇ ರೂಪಿಸಿದ ದರ್ಶಕನಾಳವನ್ನು ಸಣ್ಣ ರಂಧ್ರದಿಂದ ಇಳಿಸಿ, ಪಿತ್ತಕೋಶವನ್ನು ತೆಗೆದರು. 1986ರಲ್ಲಿ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಇದನ್ನು ನಿವೇದಿಸಿದಾಗ ದೊರೆತುದು ಮನ್ನಣೆಯಲ್ಲ, ಅಪನಂಬಿಕೆ. ಅವರ ರೋಗಿಯೊಬ್ಬರು ತೀರಿಕೊಂಡಾಗ ನರಹತ್ಯೆಯ ಆಪಾದನೆಯೂ ಬಂದಿತು. 1990ರಲ್ಲಿ ಅವರು ನಿರ್ದೋಷಿಯೆಂದು ತೀರ್ಮಾನವಾಯಿತು. ಇಷ್ಟರಲ್ಲಿ, 1987ರಲ್ಲಿ ಲಿಯೋನ್ ನಗರದ ಫಿಲಿಪ್ ಮೂರೆ ಇದೇ ಕ್ರಿಯೆಯನ್ನು ಮಾಡಿದ್ದರು. ಪ್ರಥಮನೆಂಬ ಕೀರ್ತಿ ಫ್ರಾನ್ಸಿಗೆ ಸಂದಿತ್ತು. ಅಣಕಿಸಿದ ಸಂಘವೇ 1992ರಲ್ಲಿ ಮ್ಯೂಹೆಯವರಿಗೆ ಪ್ರಶಸ್ತಿಯಿತ್ತಿತು. ತಡವಾದ ಪ್ರಾಯಶ್ಚಿತ್ತವೆಂದೇ ಇದನ್ನು ತಿಳಿಯಬೇಕು.

ಭಾರತದಲ್ಲಿ ಈ ವಿಧಾನವು ಮೊದಲು ನಡೆದುದು 1990ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಂಟನ್ ಉದ್ವಾಡಿಯಾ ಅವರ ಕೈಯಿಂದ. 1972ರಿಂದಲೇ ಅವರು ದರ್ಶಕನಾಳವನ್ನು ರೋಗನಿದಾನಕ್ಕೆ ಬಳಸುತ್ತಿದ್ದರು. ಶ್ರೀಮಂತರ ಚಿಕಿತ್ಸಾಗೃಹದಲ್ಲಲ್ಲ, ಬಡವರು ಬರುವ ಸರಕಾರಿ ಆಸ್ಪತ್ರೆಯಲ್ಲಿ ಇದು ನಡೆದುದು ಗಮನಾರ್ಹ. ಬೇಗ ಕೆಲಸಕ್ಕೆ ಮರಳಬೇಕಾದವನು ದಿನಗೂಲಿಯವನೇ ತಾನೆ?

ಆದರೆ ಹೊಸ ಮಾರ್ಗಕ್ಕೆ ಬೆಲೆಯೂ ಇತ್ತು. ತೆರೆದ ಹೊಟ್ಟೆಯಲ್ಲಿ ವೈದ್ಯನ ಬೆರಳು ತಡವಿ ತಿಳಿಯುತ್ತಿದ್ದುದನ್ನು ಇಲ್ಲಿ ತೆರೆಯ ಮೇಲಿನ ಚಿತ್ರವೊಂದೇ ಹೇಳಬೇಕು. ಪಿತ್ತಕೋಶದ ನಾಳವೆಂದು ಬಗೆದು ಮುಖ್ಯ ಪಿತ್ತನಾಳವನ್ನೇ ಕತ್ತರಿಸಿದ ಅಪಘಾತಗಳು ಆರಂಭದ ವರ್ಷಗಳಲ್ಲಿ ಹೆಚ್ಚಿದವು. ಕತ್ತರಿಸುವ ಮುನ್ನ ಕೋಶಕ್ಕೆ ಹೋಗುವ ಎರಡೇ ಎಳೆಗಳು ನಿಚ್ಚಳವಾಗಿ ಕಾಣಲೇಬೇಕೆಂಬ ನಿಯಮವನ್ನು 1995ರಲ್ಲಿ ಸ್ಟ್ರಾಸ್‌ಬರ್ಗ್ ಮೊದಲಾದವರು ಮುಂದಿಟ್ಟರು. ಅವು ಕಾಣದಿದ್ದಾಗ, ಉರಿಯೂತದಿಂದ ಅಂಗಗಳು ಅಂಟಿಕೊಂಡಿದ್ದಾಗ, ಇಂದಿಗೂ ಶಸ್ತ್ರವೈದ್ಯರು ನಾಳಗಳನ್ನು ಹೊರತೆಗೆದು ಲಾಂಗೆನ್‌ಬುಖ್‌ನಂತೆ ಹೊಟ್ಟೆಯನ್ನು ತೆರೆಯುವುದುಂಟು.