ಐದು ತಿಂಗಳಲ್ಲಿ ಹಾಸಿದ ಹಳಿ

ಪುಟ್ಟ ರೈಲೆಂದರೆ ನನಗೆ ಮೊದಲಿನಿಂದಲೂ ಒಂದು ಮಮತೆ. ಆ ಮಮತೆಯಲ್ಲಿ, ಅದನ್ನು ಯಾರು ಯಾರಿಗಾಗಿ ಕಟ್ಟಿದರೆಂದು ಕೇಳುವುದೇ ಮರೆತುಹೋಗುತ್ತದೆ. ಆಲ್ಪ್ಸ್‌ನ ಗಾರ್ಡೇನಾ ಕಣಿವೆಯ ರೈಲಿನ ವಿಷಯದಲ್ಲಿ ನನಗೆ ಆದದ್ದೂ ಅದೇ. ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಡಾಲಮೈಟ್ ಬಂಡೆಗಳ ಕೆಳಗೆ ಹೊಗೆಯುಗುಳುತ್ತ ಹೋಗುವ ಕುಳ್ಳ ಎಂಜಿನ್ನು, ಅದರ ಹಿಂದೆ ಒಂದಷ್ಟು ಡಬ್ಬಿ. ಆಟಿಕೆಯೇ ಅನ್ನಬೇಕು. ಕಣಿವೆಯ ಜನ ತಲೆಮಾರುಗಳಿಂದ ಮರದ ಗೊಂಬೆ ಕೆತ್ತುವವರಾದ್ದರಿಂದ ಹೋಲಿಕೆ ಇನ್ನೂ ಸಲೀಸು.

ಗೊಂಬೆ ಸಾಗಿಸಲು ಬಂದ ರೈಲಲ್ಲ ಅದು. ಇಂದು ಇಟಲಿಗೆ ಸೇರಿದ ಈ ಕಣಿವೆ ಆಗ ಆಸ್ಟ್ರಿಯಾ-ಹಂಗೆರಿಯದು. 1915ರ ಮೇ ತಿಂಗಳಲ್ಲಿ ಇಟಲಿ ಯುದ್ಧ ಸಾರಿದಾಗ ಡಾಲಮೈಟ್ ಶಿಖರಗಳೇ ರಣರಂಗವಾದವು. ಮೇಲೆ ನಿಂತ ಸೈನಿಕರಿಗೆ ಊಟ, ಮದ್ದುಗುಂಡು ಮುಟ್ಟಬೇಕಿತ್ತು. ಸೆಪ್ಟೆಂಬರಿನಲ್ಲಿ ಅಗೆತ ಶುರುವಾಯಿತು. 1916ರ ಫೆಬ್ರವರಿಯಲ್ಲಿ ರೈಲು ಓಡಿತು. ಕ್ಲೌಸೆನ್‌ನಿಂದ ಪ್ಲಾನ್‌ವರೆಗೆ ಸುಮಾರು 31 ಕಿಲೋಮೀಟರ್, ಸಾವಿರ ಮೀಟರಿಗೂ ಮೀರಿದ ಏರು, ದಾರಿಯಲ್ಲಿ ಸುರಂಗ, ಸೇತುವೆ. ಆ ಐದು ತಿಂಗಳಲ್ಲಿ ಚಳಿಗಾಲದ ಬಹುಭಾಗ ಸೇರಿತ್ತು.

ಹಳಿಗಳ ನಡುವಿನ ಅಂತರ 760 ಮಿಲಿಮೀಟರ್. ಬೋಸ್ನಿಯಾದಲ್ಲಿ ಆ ಸಾಮ್ರಾಜ್ಯ ರೂಢಿಸಿದ್ದ ಅಳತೆ ಅದು. ಕಿರಿದಾದಷ್ಟೂ ತಿರುವು ಬಿಗಿಯಾಗಿರಬಹುದು, ಬೆಟ್ಟ ಕಡಿಯುವುದು ಕಡಿಮೆ. (ಅದೇ ಆಸುಪಾಸಿನ ವರ್ಷಗಳಲ್ಲಿ ನಮ್ಮ ಕೋಲಾರ–ಚಿಕ್ಕಬಳ್ಳಾಪುರದ ಕಡೆ ಹಾಕಿದ ಹಳಿ 762, ಎರಡೇ ಮಿಲಿಮೀಟರ್ ವ್ಯತ್ಯಾಸ.)

ಬೆಟ್ಟ ಕಡಿದವರು ಸಾವಿರಾರು ರಷ್ಯನ್ ಯುದ್ಧಕೈದಿಗಳು. ಇಲ್ಲಿಗೆ ಬಂದಾಗ ನಾನು ಚಿತ್ರಗಳನ್ನು ಪಕ್ಕಕ್ಕಿಟ್ಟೆ. 1907ರ ಹೇಗ್ ಒಪ್ಪಂದದ ಪ್ರಕಾರ ಕೈದಿಗಳಿಂದ ದುಡಿಸಿಕೊಳ್ಳಬಹುದು, ಆದರೆ ಆ ದುಡಿಮೆ ಅತಿಯಾಗಬಾರದು, ಯುದ್ಧಕಾರ್ಯಕ್ಕೆ ಸಂಬಂಧಿಸಿಯೂ ಇರಬಾರದು. ಆಸ್ಟ್ರಿಯಾ ಅದಕ್ಕೆ ಸಹಿ ಹಾಕಿತ್ತು. ರಣರಂಗಕ್ಕೆ ಗುಂಡು ಒಯ್ಯುವ ರೈಲುದಾರಿ ಯುದ್ಧಕಾರ್ಯವಲ್ಲದೆ ಮತ್ತೇನು? ಈ ರೈಲನ್ನು ಎಂಜಿನಿಯರಿಂಗ್ ಸಾಹಸವೆಂದು ಹೊಗಳುವವರು ಐದು ತಿಂಗಳು ಎಂಬ ಲೆಕ್ಕವನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಆ ಲೆಕ್ಕವೇ ದೋಷಾರೋಪದಂತೆ ಕೇಳಿಸುತ್ತದೆ. ಕೂಲಿಗೆ ಚೌಕಾಸಿ ಮಾಡಲಾಗದ, ಬಿಟ್ಟುಹೋಗಲಾಗದ ಆಳುಗಳಿದ್ದರೆ ಕೆಲಸ ಬೇಗ ಮುಗಿಯದೇ ಇರುತ್ತದೆಯೇ?

ಯುದ್ಧ ಮುಗಿಯಿತು, ಕಣಿವೆ ಇಟಲಿಗೆ ಹೋಯಿತು. ರೈಲು ಊರಿನ ಜನರನ್ನೂ ಪ್ರವಾಸಿಗಳನ್ನೂ ಹೊತ್ತು ನಾಲ್ಕು ದಶಕ ಓಡಿತು. ಅದನ್ನು ಪ್ರೀತಿಸಿದ ತಲೆಮಾರೊಂದು ಬೆಳೆಯಿತು. ಅವರ ಪ್ರೀತಿ ಸುಳ್ಳೆಂದು ಹೇಳಲು ನಾನ್ಯಾರು? ಬಸ್ಸು, ಕಾರುಗಳ ಕಾಲ ಬಂದು 1960ರಲ್ಲಿ ರೈಲು ನಿಂತಿತು.

ಈಗ ಆರ್ಟಿಸೇಯಿಯಿಂದ ಸೆಲ್ವಾದ ಕಡೆಗೆ ಹಳಿಯ ಜಾಗದಲ್ಲಿ ನಡೆದಾಡುವ ದಾರಿಯಿದೆ. ಅಷ್ಟು ಕಡಿದಾದ ನಾಡಿನಲ್ಲಿ ಈ ದಾರಿ ಮಾತ್ರ ತೀರಾ ಸೌಮ್ಯ. ಕೂಸುಗಾಡಿ ತಳ್ಳಿಕೊಂಡು ಹೋಗಬಹುದು. ಕುಳ್ಳ ಎಂಜಿನ್ನು ಏದುಸಿರು ಬಿಡದೆ ಹತ್ತಲೆಂದು ಆ ಕೈದಿಗಳು ಗುದ್ದಲಿಯಲ್ಲಿ ಹದಮಾಡಿದ ಇಳಿಜಾರು ಅದು.